ಓದುವುದೂ ಅರಿಯುವುದೂ: ನಮ್ಮ ಸೀಮೆಯ ಪರೀಕ್ಷೆಗಳ ಇನ್ನೂರು ವರ್ಷ

ಎಂಟನೆಯ ತರಗತಿಯ ಮಕ್ಕಳನ್ನು ರಾಷ್ಟ್ರೀಯ ಮೀನ್ಸ್ ಕಂ ಮೆರಿಟ್ ವಿದ್ಯಾರ್ಥಿವೇತನದ ಪರೀಕ್ಷೆಗೆ ಅಣಿಗೊಳಿಸುವ ದಿನಗಳು ಬಂದಾಗಲೆಲ್ಲ ನಮ್ಮ ಶಾಲೆಯ ಜಗಲಿಯಲ್ಲಿ ಒಂದು ಪ್ರಶ್ನೆ ಕೇಳಿಬರುತ್ತದೆ. ಮಗುವಿನ ಕೈ ಹಿಡಿದು ಬಂದ ತಂದೆಯೋ ತಾಯಿಯೋ ಸಂಕೋಚದಿಂದಲೇ ಅದನ್ನು ಕೇಳುತ್ತಾರೆ: ‘ಕನ್ನಡದಲ್ಲಿ ಓದಿದ ಮಗು ಬುದ್ಧಿಯ ಪರೀಕ್ಷೆಯಲ್ಲಿ ಗೆಲ್ಲುವುದೇ? ಇದಕ್ಕೆ ಬೇರೆ ಪುಸ್ತಕ, ಬೇರೆ ಟ್ಯೂಷನ್ ಬೇಡವೇ?’ ಈ ಪ್ರಶ್ನೆಯ ಹಿಂದೆ ಒಂದು ಪರೀಕ್ಷೆಯ ಆತಂಕವಷ್ಟೇ ಇಲ್ಲ. ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು ಕಡೆಯ ಕನ್ನಡ ಮಾಧ್ಯಮದ ಶಾಲೆಗಳು ಮುಂದೆಯೂ ಉಳಿಯಬೇಕೇ ಎಂಬ ಪ್ರಶ್ನೆಯೂ ಅದರೊಳಗೆ ಅಡಗಿದೆ. ಆದುದರಿಂದ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಅದಕ್ಕೆ ಸಾವಧಾನವಾಗಿ ಉತ್ತರಿಸುವುದು ಉಚಿತವೆಂದು ಭಾವಿಸಿದ್ದೇನೆ. ಉತ್ತರಕ್ಕಾಗಿ ಚರಿತ್ರೆಯ ಕಡೆಗೆ ತಿರುಗಬೇಕಾಗುತ್ತದೆ. ಏಕೆಂದರೆ ಓದುವುದಕ್ಕೂ ಅರಿಯುವುದಕ್ಕೂ ಇರುವ ಅಂತರದ ಮಾತು ನಮ್ಮ ಸೀಮೆಗೆ ಹೊಸದಲ್ಲ. ಅದು ಇನ್ನೂರು ವರ್ಷ ಹಳೆಯದು.

ಮನ್ರೋ ಕೇಳಿದ ಲೆಕ್ಕ

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಟಿಪ್ಪು ಸುಲ್ತಾನನ ಪತನದ ತರುವಾಯ, 1799ರಲ್ಲಿ, ಹೊಸೂರಿನ ಮೇಲುಸೀಮೆಯೂ ಅದನ್ನು ಸೇರಿತು. ಬಾರಾಮಹಲಿನ ಕಂದಾಯ ವ್ಯವಸ್ಥೆಯನ್ನು ರೂಪಿಸಿದ ಅಲೆಕ್ಸಾಂಡರ್ ರೀಡ್ ಅವರ ಸಹಾಯಕರಾಗಿ ಏಳು ವರ್ಷ ಇಲ್ಲಿಯೇ ದುಡಿದವರು ಥಾಮಸ್ ಮನ್ರೋ. ರೈತರೊಡನೆ ನೇರವಾಗಿ ಮಾತನಾಡಿ ಹೊಲಗದ್ದೆಗಳ ಲೆಕ್ಕ ಬರೆದ ಇದೇ ಮನ್ರೋ 1820ರಲ್ಲಿ ಮದರಾಸಿನ ಗವರ್ನರರಾದರು. ಅವರು 1822ರ ಜೂನ್ 25ರಂದು ಹೊರಡಿಸಿದ ಒಂದು ಟಿಪ್ಪಣಿಯಲ್ಲಿ, ಪ್ರಾಂತ್ಯದ ಎಲ್ಲ ಕಲೆಕ್ಟರರೂ ತಮ್ಮ ಜಿಲ್ಲೆಗಳ ಶಾಲೆಗಳೆಷ್ಟು, ಓದುವ ಮಕ್ಕಳೆಷ್ಟು, ಓದುವುದೇನು ಎಂಬುದನ್ನು ತಿಳಿಸಬೇಕೆಂದು ಕೇಳಿದರು. ಅದುವರೆಗೆ ಭೂಮಿಯ ಲೆಕ್ಕ, ಬೆಳೆಯ ಲೆಕ್ಕ, ವರಮಾನದ ಲೆಕ್ಕಗಳಿದ್ದವು. ಜನರ ವಿದ್ಯೆಯ ಲೆಕ್ಕ ಮಾತ್ರ ಇರಲಿಲ್ಲ.

ಉತ್ತರಗಳು ಬಂದು ಸೇರಲು ವರ್ಷಗಳೇ ಹಿಡಿದವು. 1826ರ ಮಾರ್ಚ್ 10ರ ಟಿಪ್ಪಣಿಯಲ್ಲಿ ಮನ್ರೋ ಅದರ ಸಾರವನ್ನು ಬರೆದರು. ಸುಮಾರು 1 ಕೋಟಿ 28 ಲಕ್ಷ ಜನರಿದ್ದ ಪ್ರಾಂತ್ಯದಲ್ಲಿ 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು. ಎಂದರೆ ಸಾವಿರ ಜನರಿಗೆ ಸುಮಾರಾಗಿ ಒಂದು ಶಾಲೆ. ಮನೆಗಳಲ್ಲಿ ಕಲಿಯುತ್ತಿದ್ದವರನ್ನೂ ಸೇರಿಸಿದರೆ ಗಂಡುಮಕ್ಕಳಲ್ಲಿ ಮೂರನೆಯ ಒಂದು ಭಾಗದಷ್ಟು ಮಂದಿಗೆ ಅಕ್ಷರ ದೊರೆಯುತ್ತಿದ್ದಿರಬಹುದೆಂದು ಅವರು ಎಣಿಸಿದರು. ಹೆಣ್ಣುಮಕ್ಕಳು ಮಾತ್ರ ಬಹುಮಟ್ಟಿಗೆ ಆ ಎಣಿಕೆಯ ಹೊರಗೇ ಉಳಿದಿದ್ದರು.

ಅಂದು ನಮ್ಮ ಹೊಸೂರು ಸೇಲಂ ಜಿಲ್ಲೆಗೆ ಸೇರಿತ್ತು. ಆದರೆ ಕನ್ನಡ ಶಾಲೆಗಳ ಒಳಗಿನ ಬದುಕನ್ನು ವಿವರವಾಗಿ ತೋರಿಸುವ ವರದಿ ಅದೇ ಪ್ರಾಂತ್ಯದ ಬಳ್ಳಾರಿಯಿಂದ ಬಂದಿತು. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಬರೆದ ಪತ್ರದಲ್ಲಿ ಜಿಲ್ಲೆಯ 533 ವಿದ್ಯಾಸ್ಥಾನಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಮಕ್ಕಳು ಐದನೆಯ ವಯಸ್ಸಿನಲ್ಲಿ ಗಣಪತಿ ಪೂಜೆಯೊಂದಿಗೆ ಶಾಲೆಗೆ ಸೇರುತ್ತಿದ್ದುದು, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದು, ಮುಂದೆ ಹಲಗೆ ಮತ್ತು ಕಡತಗಳ ಮೇಲೆ ಬರೆಯುತ್ತಿದ್ದುದು, ಮಗ್ಗಿಗಳನ್ನು ಒಟ್ಟಾಗಿ ಹೇಳುತ್ತಿದ್ದುದು ಎಲ್ಲವೂ ಅಲ್ಲಿ ದಾಖಲಾಗಿವೆ. ಮುಂದುವರಿದ ವಿದ್ಯಾರ್ಥಿಗಳು ಕಿರಿಯರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿಕೊಂಡಿದ್ದಾರೆ. ಮದರಾಸಿನ ಅನಾಥಾಲಯದಲ್ಲಿ ಇಂಥದೇ ಪದ್ಧತಿಯನ್ನು ಅಳವಡಿಸಿದ್ದ ಆಂಡ್ರ್ಯೂ ಬೆಲ್ ಅದನ್ನು ಇಂಗ್ಲೆಂಡಿಗೂ ಒಯ್ದು ಪ್ರಚಾರ ಮಾಡಿದ್ದರು.

ಆದರೆ ಅದೇ ಪತ್ರದಲ್ಲಿ ಒಂದು ಕಟುವಾದ ಮಾತೂ ಇದೆ. ಶಾಲೆಯಲ್ಲಿ ಓದಿಸುತ್ತಿದ್ದ ಪುಸ್ತಕಗಳು ಹಳೆಯ ಕಾವ್ಯಭಾಷೆಯಲ್ಲಿದ್ದವು. ಅದು ಮಕ್ಕಳು ಮನೆಯಲ್ಲಿ, ಸಂತೆಯಲ್ಲಿ ಆಡುವ ಮಾತಿಗಿಂತ ತೀರ ಬೇರೆಯಾಗಿತ್ತು. ಲಿಪಿ ಒಂದೇ ಆದುದರಿಂದ ಮಕ್ಕಳು ಅದನ್ನು ಓದಬಲ್ಲವರಾಗಿದ್ದರು, ಬಾಯಿಪಾಠವನ್ನೂ ಒಪ್ಪಿಸುತ್ತಿದ್ದರು. ಅರ್ಥ ಮಾತ್ರ ಅವರಿಗೆ ತಿಳಿಯುತ್ತಿರಲಿಲ್ಲ. ಕಲಿಸುವವರಲ್ಲಿಯೂ ಅನೇಕರಿಗೆ ಅರ್ಥ ತಿಳಿದಿರಲಿಲ್ಲವೆಂಬುದು ಅವರ ದೂರು. ಪರದೇಶದ ಅಧಿಕಾರಿಯೊಬ್ಬನ ತೀರ್ಪೆಂದು ಈ ಮಾತನ್ನು ತಳ್ಳಿಹಾಕುವುದು ಸುಲಭ. ಆದರೆ ನಮ್ಮ ತರಗತಿಗಳನ್ನು ನೆನೆದುಕೊಂಡಾಗ ಅದು ಪೂರ್ತಿ ಸುಳ್ಳೆಂದು ಹೇಳುವ ಧೈರ್ಯ ಬರುವುದಿಲ್ಲ.

ನೆನಪಿನ ಪರೀಕ್ಷೆಗಳ ಕಾಲ

1854ರ ವುಡ್ ಅವರ ಶಿಕ್ಷಣ ನಿರೂಪದ ನಂತರ, 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ಹುಟ್ಟಿತು. ಅದರೊಂದಿಗೆ ಮೆಟ್ರಿಕ್ಯುಲೇಷನ್ ಪರೀಕ್ಷೆ ಸರಕಾರಿ ಉದ್ಯೋಗದ ಹೆಬ್ಬಾಗಿಲಾಯಿತು. ಮಕ್ಕಳು ಎಷ್ಟು ಮಂದಿ ತೇರ್ಗಡೆಯಾದರೆ ಶಾಲೆಗೆ ಅಷ್ಟು ಹಣ ಎಂಬ ಫಲಿತಾಂಶದ ಅನುದಾನವೂ ಆ ಶತಮಾನದಲ್ಲಿಯೇ ರೂಢಿಗೆ ಬಂದಿತು. ಪರಿಣಾಮ ಸಹಜವಾದುದೇ. ಪರೀಕ್ಷೆಯಲ್ಲಿ ಬರುವುದೇ ಪಾಠವಾಯಿತು, ಬಾರದುದು ವ್ಯರ್ಥವೆನಿಸಿತು. 1904ರ ಮಾರ್ಚ್ 11ರಂದು ಭಾರತ ಸರಕಾರ ಹೊರಡಿಸಿದ ಶಿಕ್ಷಣ ನಿರ್ಣಯವೇ ಪರೀಕ್ಷೆಗಳ ಈ ಯಜಮಾನಿಕೆಯನ್ನು ಟೀಕಿಸಿತು. ಮುಂದೆ 1911ರ ಸುಮಾರಿಗೆ ಮದರಾಸು ಪ್ರಾಂತ್ಯದಲ್ಲಿ ಎಸ್.ಎಸ್.ಎಲ್.ಸಿ. ಪದ್ಧತಿ ಬಂದಿತು. ಹೆಸರು ಬದಲಾಯಿತಾದರೂ ನೆನಪಿನ ಶಕ್ತಿಗೇ ಸಲ್ಲುತ್ತಿದ್ದ ಮರ್ಯಾದೆ ಬದಲಾಗಲಿಲ್ಲ.

ಆ ವ್ಯವಸ್ಥೆಯಲ್ಲಿ ದೊಡ್ಡವರು ಬೆಳೆಯಲಿಲ್ಲವೆಂದಲ್ಲ. ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಹೊಸೂರಿನ ಶಾಲೆಯಲ್ಲಿ ಕಲಿತು, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ, ಕಡೆಗೆ ದೇಶದ ಗವರ್ನರ್ ಜನರಲ್ ಪದವಿಗೇರಿದರು. ಆದರೆ ಒಂದು ವ್ಯವಸ್ಥೆಯನ್ನು ಅಳೆಯಬೇಕಾದುದು ಅದನ್ನು ದಾಟಿಹೋದ ಪ್ರತಿಭಾವಂತರಿಂದಲ್ಲ, ಅದರೊಳಗೆ ಮೌನವಾಗಿ ಕುಳಿತಿದ್ದ ಸಾಮಾನ್ಯ ಮಗುವಿನಿಂದ.

ವಿವೇಚನೆಯನ್ನು ಅಳೆಯುವ ಪ್ರಯತ್ನ

ನಮ್ಮ ಶಾಲೆಯ ಬಾಗಿಲು ತೆರೆದ ಕಾಲದಲ್ಲಿಯೇ ಜಗತ್ತಿನ ಬೇರೆ ಕಡೆಗಳಲ್ಲಿ ಹೊಸದೊಂದು ಆಲೋಚನೆ ಮೊಳೆಯುತ್ತಿತ್ತು. ಮಗು ಏನನ್ನು ನೆನಪಿಟ್ಟುಕೊಂಡಿದೆ ಎಂಬುದರ ಬದಲು ಹೇಗೆ ಯೋಚಿಸುತ್ತದೆ ಎಂಬುದನ್ನು ಅಳೆಯಬಹುದೇ? ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಬುದ್ಧಿಯ ಮಾಪನವನ್ನು ರಚಿಸಿದ್ದರು. ಅಮೆರಿಕದ ಗುಡ್‌ವಿನ್ ವಾಟ್ಸನ್ 1925ರಲ್ಲಿ ನಿಷ್ಪಕ್ಷಪಾತ ಬುದ್ಧಿಯ ಅಳತೆಯ ಬಗ್ಗೆ ಗ್ರಂಥವೊಂದನ್ನು ಪ್ರಕಟಿಸಿದರು. 1941ರಲ್ಲಿ ಎಡ್ವರ್ಡ್ ಗ್ಲೇಸರ್ ಅದೇ ದಾರಿಯಲ್ಲಿ ಮುಂದುವರಿದು, ವಿಮರ್ಶಾತ್ಮಕ ಚಿಂತನೆಯನ್ನು ಶಾಲೆಯಲ್ಲಿ ಬೆಳೆಸುವ ಪ್ರಯೋಗವನ್ನು ವರದಿ ಮಾಡಿದರು. ಇವರಿಬ್ಬರ ಹೆಸರಿನ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅದು ಐದು ಸಂಗತಿಗಳನ್ನು ನೋಡುತ್ತದೆ: ತೀರ್ಮಾನಕ್ಕೆ ಬರುವುದು, ಬಚ್ಚಿಟ್ಟ ಊಹೆಯನ್ನು ಗುರುತಿಸುವುದು, ಹೇಳಿಕೆಗಳಿಂದ ನಿಗಮನ ಮಾಡುವುದು, ಮಾಹಿತಿಯನ್ನು ಅರ್ಥೈಸುವುದು, ವಾದದ ಬಲಾಬಲವನ್ನು ತೂಗುವುದು.

ಈ ಆಲೋಚನೆ ಕನ್ನಡನಾಡಿಗೆ ತಡವಾಗಿ ಬಂದಿತೆಂದು ಭಾವಿಸಬೇಕಾಗಿಲ್ಲ. ಲಂಡನ್ನಿನಲ್ಲಿ ಅಭ್ಯಾಸ ಮಾಡಿ ಬಂದಿದ್ದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟಿದರು. ಧಾರವಾಡದಲ್ಲಿ ವಿ. ವಿ. ಕಾಮತರು ಬಿನೆ ಮಾಪನವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿ, 1940ರಲ್ಲಿ ಭಾರತೀಯ ಮಕ್ಕಳ ಬುದ್ಧಿಮಾಪನದ ಬಗ್ಗೆ ಗ್ರಂಥವನ್ನು ಹೊರತಂದರು. ಪರದೇಶದ ಮಕ್ಕಳಿಗಾಗಿ ಬರೆದ ಪ್ರಶ್ನೆಯನ್ನು ಬರಿದೆ ಭಾಷಾಂತರಿಸಿದರೆ ಸಾಲದು, ಇಲ್ಲಿಯ ಮಕ್ಕಳ ಮುಂದಿಟ್ಟು ಪರೀಕ್ಷಿಸಿ ಹೊಂದಿಸಬೇಕೆಂಬ ಎಚ್ಚರ ಆ ಪರಿಷ್ಕರಣದಲ್ಲಿತ್ತು. ಬುದ್ಧಿಯ ಪರೀಕ್ಷೆಯನ್ನು ಕನ್ನಡದಲ್ಲಿ ನಡೆಸಬಹುದೆಂಬುದು ಹೀಗೆ ಎಂಬತ್ತು ವರ್ಷಗಳ ಹಿಂದೆಯೇ ಸಿದ್ಧವಾದ ಸಂಗತಿ.

ಇನ್ನೂ ಹಿಂದಕ್ಕೆ ಹೋದರೆ, ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ದಲ್ಲಿ ಕೊಡುಕೊಳ್ಳುವಿಕೆಯ ಲೆಕ್ಕಗಳನ್ನು ಕನ್ನಡದಲ್ಲಿಯೇ ನಿರೂಪಿಸಿದ್ದಾನೆ. ಅಜ್ಜಿಯರು ಬೆಳುದಿಂಗಳಲ್ಲಿ ಕೂರಿಸಿಕೊಂಡು ಕೇಳುತ್ತಿದ್ದ ಒಗಟುಗಳಾದರೂ ಏನು? ಸುಳುಹುಗಳನ್ನು ಕೂಡಿಸಿ, ಹೊಂದದುದನ್ನು ಬಿಟ್ಟು, ಒಂದೇ ಉತ್ತರಕ್ಕೆ ಬರುವ ಅಭ್ಯಾಸವಲ್ಲವೇ?

ಗಡಿಯ ಈಚೆಯ ಮಕ್ಕಳು

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯಗಳು ರೂಪುಗೊಂಡಾಗ ಹೊಸೂರು ಸೀಮೆ ಮದರಾಸು ರಾಜ್ಯದಲ್ಲಿ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಹುಟ್ಟಿದವು. ಜಿಲ್ಲೆ ಬದಲಾದರೂ ಭಾಷಾ ಅಲ್ಪಸಂಖ್ಯಾತರ ಶಾಲೆಗಳು ನಡೆದುಕೊಂಡು ಬಂದವು. ತಮಿಳುನಾಡಿನ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಅಚ್ಚಾಗುತ್ತ ಬಂದವು. 2006ರ ತಮಿಳು ಕಲಿಕೆಯ ಕಾಯಿದೆಯ ತರುವಾಯ ನಮ್ಮ ಮಕ್ಕಳ ಮೇಲೆ ಮೂರು ಭಾಷೆಗಳ ಹೊಣೆ ಬಿದ್ದಿತು: ಮನೆಯ ಕನ್ನಡ, ನಾಡಿನ ತಮಿಳು, ಲೋಕದ ಇಂಗ್ಲಿಷ್.

ಇದೇ ಅವಧಿಯಲ್ಲಿ ಪರೀಕ್ಷೆಯ ಸ್ವರೂಪವೂ ಬದಲಾಗುತ್ತಿತ್ತು. ಎನ್.ಸಿ.ಇ.ಆರ್.ಟಿ. 1963ರಲ್ಲಿ ಆರಂಭಿಸಿದ ಪ್ರತಿಭಾನ್ವೇಷಣೆ ಕಾಲಕ್ರಮದಲ್ಲಿ ಮಾನಸಿಕ ಸಾಮರ್ಥ್ಯದ ಪತ್ರಿಕೆಯನ್ನು ಒಳಗೊಂಡಿತು. 1976ರ ಸಂವಿಧಾನ ತಿದ್ದುಪಡಿಯು ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯ ಗುಣವನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸಾರಿತು. 2008ರಲ್ಲಿ, ಸರಕಾರಿ ಮತ್ತು ಅನುದಾನಿತ ಶಾಲೆಗಳ ಬಡ ಮಕ್ಕಳು ಎಂಟನೆಯ ತರಗತಿಯ ನಂತರ ಓದು ಬಿಡಬಾರದೆಂಬ ಉದ್ದೇಶದಿಂದ, ಮೇಲೆ ಹೇಳಿದ ಮೀನ್ಸ್ ಕಂ ಮೆರಿಟ್ ವಿದ್ಯಾರ್ಥಿವೇತನ ಬಂದಿತು. ಅದರಲ್ಲಿ ಎರಡು ಪತ್ರಿಕೆಗಳು: ಮಾನಸಿಕ ಸಾಮರ್ಥ್ಯಕ್ಕೆ 90 ಪ್ರಶ್ನೆ, ವಿಷಯಜ್ಞಾನಕ್ಕೆ 90 ಪ್ರಶ್ನೆ, ತಲಾ 90 ನಿಮಿಷ. ಆಯ್ಕೆಯಾದ ಮಗುವಿಗೆ ಈಗ ವರ್ಷಕ್ಕೆ 12,000 ರೂಪಾಯಿಯಂತೆ ನಾಲ್ಕು ವರ್ಷ, ಒಟ್ಟು 48,000 ರೂಪಾಯಿ ದೊರೆಯುತ್ತದೆ. ಕೂಲಿಯಿಂದ ಬದುಕುವ ಮನೆಗೆ, ಅದರಲ್ಲಿಯೂ ಮಗಳನ್ನು ಶಾಲೆ ಬಿಡಿಸುವ ಯೋಚನೆಯಲ್ಲಿರುವ ಮನೆಗೆ, ಈ ಹಣ ಒಂದು ಜೀವನದ ದಿಕ್ಕನ್ನೇ ಬದಲಿಸಬಲ್ಲದು.

ನಮ್ಮ ರಾಜ್ಯಕ್ಕೆ ಕನ್ನಡಿ ಹಿಡಿದ ಇನ್ನೊಂದು ಪರೀಕ್ಷೆಯೂ ಇದೆ. ಹದಿನೈದು ವರ್ಷದ ಮಕ್ಕಳು ಕಲಿತುದನ್ನು ಹೊಸ ಸಂದರ್ಭಕ್ಕೆ ಅನ್ವಯಿಸಬಲ್ಲರೇ ಎಂದು ನೋಡುವ ಅಂತರರಾಷ್ಟ್ರೀಯ ಪೀಸಾ ಪರೀಕ್ಷೆಯ 2009ರ ಸುತ್ತಿನಲ್ಲಿ ಭಾರತದಿಂದ ಭಾಗವಹಿಸಿದ್ದು ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಮಾತ್ರ. 2011ರ ಕೊನೆಯಲ್ಲಿ ಫಲಿತಾಂಶ ಹೊರಬಂದಾಗ, 74 ದೇಶ-ಪ್ರದೇಶಗಳ ಪಟ್ಟಿಯಲ್ಲಿ ಎರಡೂ ರಾಜ್ಯಗಳು ತೀರ ಕೆಳಗಿನ ಸ್ಥಾನಗಳಲ್ಲಿದ್ದವು. ಪ್ರಶ್ನೆಗಳು ನಮ್ಮ ಮಕ್ಕಳ ಬದುಕಿಗೆ ದೂರವಾಗಿದ್ದವೆಂಬ ಆಕ್ಷೇಪ ಬಂದಿತು, ಅದರಲ್ಲಿ ಸತ್ಯಾಂಶವೂ ಇದೆ. ಆದರೂ 1823ರ ಪತ್ರವನ್ನೂ 2011ರ ಫಲಿತಾಂಶವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಮನಸ್ಸು ಭಾರವಾಗುತ್ತದೆ. ಅಕ್ಷರ ಬಂದಿದೆ, ಅರ್ಥ ಇನ್ನೂ ದೂರದಲ್ಲಿದೆ ಎಂಬುದನ್ನೇ ಎರಡೂ ಹೇಳುತ್ತಿವೆ.

ಸಿದ್ಧತೆ ಎಂದರೇನು?

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಈ ಶಾಲೆಯಲ್ಲಿ ಕಲಿತು, ಮುಂದೆ ಇಂಥದೇ ಮತ್ತೊಂದು ಶಾಲೆಯಲ್ಲಿ ಕಲಿಸಿದವನು ನಾನು. ಮಾನಸಿಕ ಸಾಮರ್ಥ್ಯದ ಪತ್ರಿಕೆಗೆ ಮಕ್ಕಳನ್ನು ಅಣಿಗೊಳಿಸುವಾಗ ನಾನೂ ಮೊದಮೊದಲು ಮಾರ್ಗದರ್ಶಿ ಪುಸ್ತಕಗಳನ್ನೇ ನೆಚ್ಚಿಕೊಂಡಿದ್ದೆ. 3, 6, 12, 24ರ ನಂತರ 48 ಎಂದು ಇಡೀ ತರಗತಿ ಒಂದೇ ಧ್ವನಿಯಲ್ಲಿ ಹೇಳುತ್ತಿತ್ತು. ಒಂದು ದಿನ 5, 10, 20, 40 ಎಂದು ಬರೆದು ನಿಂತೆ. ಅರ್ಧ ತರಗತಿ ಮೌನವಾಯಿತು; ಒಬ್ಬ ಹುಡುಗ ಧೈರ್ಯವಾಗಿ ‘48’ ಎಂದ. ವಿವೇಚನೆಯ ಪರೀಕ್ಷೆಯನ್ನೂ ನಾವು ಕಂಠಪಾಠ ಮಾಡಿಸಬಲ್ಲೆವೆಂಬುದು ನನಗೆ ಅಂದು ಅರಿವಾಯಿತು. ಕ್ಯಾಂಬೆಲ್ ಅವರ ದೂರಿಗೆ ನಾನೇ ಉದಾಹರಣೆಯಾಗಿದ್ದೆ.

ಅಂದಿನಿಂದ ಉತ್ತರವನ್ನು ಕೇಳುವುದಕ್ಕಿಂತ ಉತ್ತರದ ಕಾರಣವನ್ನು ಕೇಳತೊಡಗಿದೆ. ಪಾಠ ಹೆಚ್ಚು ನಿಧಾನವಾಯಿತು, ಆದರೆ ಮಕ್ಕಳು ಮಾತನಾಡತೊಡಗಿದರು. ‘ಈ ವರ್ಷ ಊರ ಕೆರೆ ತುಂಬಿದೆ, ಆದುದರಿಂದ ರಾಗಿ ಬೆಳೆ ಚೆನ್ನಾಗಿ ಬಂದೇ ಬರುತ್ತದೆ’ ಎಂಬ ವಾಕ್ಯವನ್ನು ಒಮ್ಮೆ ಹಲಗೆಯ ಮೇಲೆ ಬರೆದೆ. ಎಲ್ಲರೂ ಸರಿಯೆಂದರು. ತಳಿ ಕಡೆಯಿಂದ ಬರುತ್ತಿದ್ದ ರೈತರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, ತಮ್ಮ ರಾಗಿ ಹೊಲಕ್ಕೆ ಕೆರೆಯ ನೀರು ಹರಿಯುವುದೇ ಇಲ್ಲ, ಮಳೆ ಹೊತ್ತಿಗೆ ಸರಿಯಾಗಿ ಬಂದರಷ್ಟೇ ಬೆಳೆ ಎಂದಳು. ಒಂದೇ ದಿನದ ದೊಡ್ಡ ಮಳೆಗೂ ಕೆರೆ ತುಂಬೀತು, ರಾಗಿಗೆ ಬೇಕಾದುದು ಹದವಾದ ಮಳೆ ಎಂಬ ಮಾತೂ ಬಂದಿತು. ಬಚ್ಚಿಟ್ಟ ಊಹೆಯನ್ನು ಗುರುತಿಸುವುದೆಂದರೆ ಇದೇ. ಆ ಹುಡುಗಿಗೆ ಅದನ್ನು ಕಲಿಸಿದ್ದು ಹೊಲ. ಹೇಳುವ ಧೈರ್ಯ ಕೊಟ್ಟಿದ್ದು ಅವಳದೇ ಭಾಷೆ.

ನಾವು ದಿನವೂ ಬಾಯಿಪಾಠ ಮಾಡಿಸುವ ವರ್ಣಮಾಲೆಯನ್ನೇ ನೋಡಿ. ಕ, ಚ, ಟ, ತ, ಪ: ಈ ಐದು ಅಕ್ಷರಗಳನ್ನು ಮೆಲ್ಲನೆ ಉಚ್ಚರಿಸಿದರೆ ಧ್ವನಿ ಹುಟ್ಟುವ ಸ್ಥಾನ ಗಂಟಲಿನಿಂದ ತುಟಿಯ ಕಡೆಗೆ ಹೆಜ್ಜೆಹೆಜ್ಜೆಯಾಗಿ ಸಾಗುತ್ತದೆ. ಪ್ರತಿಯೊಂದು ಸಾಲಿನಲ್ಲಿಯೂ ಅಲ್ಪಪ್ರಾಣ, ಮಹಾಪ್ರಾಣ, ಅನುನಾಸಿಕಗಳು ಒಂದೇ ಕ್ರಮದಲ್ಲಿ ಬರುತ್ತವೆ. ಇಷ್ಟು ತರ್ಕಬದ್ಧವಾದ ಪಟ್ಟಿಯನ್ನು ಅರ್ಥ ತಿಳಿಸದೆ ಹಾಡಿಸುವುದೂ ಸಾಧ್ಯ. ಮಕ್ಕಳೇ ಅದರ ನಿಯಮವನ್ನು ಕಂಡುಹಿಡಿಯುವಂತೆ ಮಾಡುವುದೂ ಸಾಧ್ಯ. ಇಂಗ್ಲಿಷ್ ಅಕ್ಷರಗಳನ್ನಾಧರಿಸಿದ ಸಂಕೇತದ ಪ್ರಶ್ನೆಗಳು ನಮ್ಮ ಮಕ್ಕಳಿಗೆ ಕಷ್ಟವೆನಿಸುವುದು ನಿಜ. ಅಂಥ ಪ್ರಶ್ನೆಗಳಿಗೆ ಪ್ರತ್ಯೇಕ ಅಭ್ಯಾಸ ಬೇಕು, ಕಾಲಮಿತಿಯಲ್ಲಿ ಉತ್ತರಿಸುವ ರೂಢಿ ಬೇಕು, ತಮಿಳು ಮತ್ತು ಇಂಗ್ಲಿಷಿನ ಪಾರಿಭಾಷಿಕ ಪದಗಳ ಪರಿಚಯವೂ ಬೇಕು. ಇದನ್ನು ಮೂರು ತಿಂಗಳಲ್ಲಿ ಕಲಿಸಬಹುದು. ಆದರೆ ನಿಯಮವನ್ನು ಹುಡುಕುವ ಬುದ್ಧಿ ಮೂರು ತಿಂಗಳಲ್ಲಿ ಬರುವುದಿಲ್ಲ. ಅದು ಒಂದನೆಯ ತರಗತಿಯ ಮರಳ ಹಾಸಿನಿಂದಲೇ ಮೊಳೆಯಬೇಕು.

ವಿಮರ್ಶಾತ್ಮಕ ಚಿಂತನೆಗೆ ಕೌಶಲದ ಜೊತೆಗೆ ಮನೋಭಾವವೂ ಅಗತ್ಯವೆಂದು ಗ್ಲೇಸರ್ ಬರೆದಿದ್ದರು. ಮಗು ‘ಏಕೆ?’ ಎಂದಾಗ ಸುಮ್ಮನಿರಿಸದ ಮನೆ, ತಪ್ಪು ಉತ್ತರಕ್ಕೆ ನಗದ ತರಗತಿ, ತನಗೆ ತಿಳಿಯದೆಂದು ಹೇಳಲು ನಾಚದ ಗುರು, ಈ ಮೂರೂ ಇದ್ದಲ್ಲಿ ಆ ಮನೋಭಾವ ತಾನಾಗಿ ಬೆಳೆಯುತ್ತದೆ. ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಹೇಳಿಕೊಡುವ ನಮ್ಮ ಹಳೆಯ ಪದ್ಧತಿಯನ್ನು ಮತ್ತೆ ತಂದರೆ ಇನ್ನೂ ಒಳ್ಳೆಯದು. ಕಾರಣ ತಿಳಿಯದವನು ಇನ್ನೊಬ್ಬನಿಗೆ ವಿವರಿಸಲಾರ.

ಜಗಲಿಯ ಮೇಲೆ ಕೇಳಿದ ಪ್ರಶ್ನೆಗೆ ಈಗ ಉತ್ತರಿಸಬಹುದು. ಕನ್ನಡದಲ್ಲಿ ಓದಿದ ಮಗು ಬುದ್ಧಿಯ ಪರೀಕ್ಷೆಯಲ್ಲಿ ಗೆಲ್ಲಬಲ್ಲದು. ಆದರೆ ಕನ್ನಡದಲ್ಲಿ ಓದಿದ ಮಾತ್ರಕ್ಕೆ ಗೆಲ್ಲುವುದಿಲ್ಲ. ಎರಡು ಶತಮಾನಗಳ ಹಿಂದೆ ಬಳ್ಳಾರಿಯ ಮಕ್ಕಳೂ ಕನ್ನಡದಲ್ಲಿಯೇ ಓದುತ್ತಿದ್ದರು, ಆದರೂ ಅರ್ಥ ಅವರಿಗೆ ದಕ್ಕಿರಲಿಲ್ಲ. ಅರಿಯದ ಇಂಗ್ಲಿಷಿನಲ್ಲಿ ಕಂಠಪಾಠ ಮಾಡುವ ಇಂದಿನ ಮಗುವಿಗೂ ಅದೇ ಗತಿ. ಮಾತೃಭಾಷೆ ಒಂದು ಅವಕಾಶ. ಅದರಲ್ಲಿ ಪ್ರಶ್ನಿಸಲು, ವಾದಿಸಲು, ತಪ್ಪನ್ನು ತಿದ್ದಿಕೊಳ್ಳಲು ಬಿಟ್ಟರೆ ಮಾತ್ರ ಅದು ಫಲಿಸುತ್ತದೆ. ಈ ಕೆಲಸವನ್ನು ನಮ್ಮ ಶಾಲೆ ಮಾಡುತ್ತಿರುವವರೆಗೆ ಅದು ಏಕೆ ಇರಬೇಕೆಂದು ಯಾರಿಗೂ ವಿವರಿಸಬೇಕಾಗುವುದಿಲ್ಲ.

ನೂರು ವರ್ಷ ಈ ಶಾಲೆ ಸಾವಿರಾರು ಮಕ್ಕಳಿಗೆ ಓದಲು ಕಲಿಸಿತು. ಆ ಋಣವನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಹಣದಿಂದ ಮಾತ್ರ ತೀರಿಸಲಾರೆವು. ತಿಂಗಳಿಗೊಮ್ಮೆ ಬಂದು ಎಂಟನೆಯ ತರಗತಿಯ ಮಕ್ಕಳ ಮುಂದೆ ಒಂದು ಲೆಕ್ಕವನ್ನೋ ಒಂದು ಒಗಟನ್ನೋ ಇಟ್ಟು, ಅವರ ಉತ್ತರಕ್ಕೆ ಕಾರಣ ಕೇಳಿ, ಆ ಕಾರಣವನ್ನು ತಾಳ್ಮೆಯಿಂದ ಆಲಿಸೋಣ. ಎರಡನೆಯ ಶತಮಾನದ ಮೊದಲ ಪಾಠ ಅಲ್ಲಿಂದಲೇ ಆರಂಭವಾಗಲಿ.